ನಾಲ್ಕನೇ ಸಲವೂ ರಜೆ ರಿಜೆಕ್ಟ್. ಮ್ಯಾನೇಜರ್ ಹತ್ತಿರ ಹೇಗೆ ಮಾತಾಡಲಿ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಊರು ಶಿರಸಿ ಹತ್ತಿರ. ನನ್ನ ಲೆಕ್ಕದಲ್ಲಿ ಇವತ್ತಿಗೆ 31 ದಿನ ರಜೆ ಬಾಕಿ ಇದೆ. ಕಳೆದ ಕೆಲವು ತಿಂಗಳಲ್ಲಿ ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಇಲ್ಲ ಅಂದರು. ಗಣೇಶ ಹಬ್ಬಕ್ಕೆ ಕೇಳಿದಾಗ ರಿಲೀಸ್ ಇದೆ ಅಂದರು. ದೀಪಾವಳಿಗೆ ಕೇಳಿದಾಗ ನಿನಗಿಂತ ಮೊದಲೇ ಇಬ್ಬರು ಕೇಳಿದ್ದಾರೆ ಅಂದರು. ಮೂರನೇ ಸಲ ಕೇಳಿದ್ದು ಕೊನೆಕೊಯ್ಲಿಗೆ, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸಕ್ಕೆ. ಅಪ್ಪನಿಗೆ ಮಂಡಿನೋವು, ತೋಟದ ಇಳಿಜಾರು ಹತ್ತಿ ಇಳಿಯಲು ಆಗುವುದಿಲ್ಲ. ಕೊನೆ ಕೊಯ್ಯುವವರು ಬರುವ ದಿನ ನಾವು ಹೇಳಿದ ಹಾಗೆ ಬದಲಾಗುವುದಿಲ್ಲ, ಅವರು ಬಂದಾಗ ಮನೆಯಲ್ಲಿ ಒಬ್ಬರು ಓಡಾಡುವವರು ಇರಲೇಬೇಕು. ಆ ಸಲ ಪೋರ್ಟಲ್‌ನಲ್ಲಿ 19 ದಿನ ಪೆಂಡಿಂಗ್ ಅಂತಲೇ ಇತ್ತು. ಹೊರಡುವ ದಿನ ಸಂಜೆ ನಾಲ್ಕಕ್ಕೆ ರಿಜೆಕ್ಟ್ ಅಂತ ಬಂತು. ಬ್ಯಾಗು ನನ್ನ ಮೇಜಿನ ಕೆಳಗೇ ಇತ್ತು. ಅಮ್ಮನಿಗೆ ಫೋನ್ ಮಾಡಿದೆ. "ಇರಲಿ ಬಿಡು, ಊಟ ಆಯ್ತಾ" ಅಂದರು. ಹಿಂದೆ ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಕೇಳಿಸುತ್ತಿತ್ತು.

ಈಗ ಶಿರಸಿಯ ಮಾರಿಕಾಂಬಾ ಜಾತ್ರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಇದು ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಆದಾಗ ನಾನು ಕೆಲಸಕ್ಕೆ ಹೊಸಬ, ಕೇಳುವ ಧೈರ್ಯವೇ ಆಗಲಿಲ್ಲ. ಈ ಸಲ ಐದು ವಾರ ಮೊದಲೇ ಐದು ದಿನ ಕೇಳಿದೆ. "ಜಾತ್ರೆಗೆಲ್ಲಾ ಐದು ದಿನ ಯಾಕೆ, ವೀಕೆಂಡಲ್ಲಿ ಹೋಗಿ ಬಾ" ಅಂತ ಹೇಳಿ ಮುಗಿಸಿದರು. ಇನ್ನೊಂದು ವಿಷಯ, ನಮ್ಮಲ್ಲಿ ಮಾರ್ಚ್ 31ಕ್ಕೆ 10 ದಿನ ಬಿಟ್ಟು ಉಳಿದ ರಜೆ ಎಲ್ಲಾ ಲ್ಯಾಪ್ಸ್. ಕೊಡುವುದೂ ಇಲ್ಲ, ಉಳಿಸಿಕೊಳ್ಳಲೂ ಬಿಡುವುದಿಲ್ಲ. ಜಗಳ ಆಡದೆ ಇದನ್ನು ಹೇಗೆ ಬಗೆಹರಿಸಲಿ?

ಬೈಟೂಕಾಫಿ
ಬೇಡ ಅನ್ನುವುದಕ್ಕಿಂತ 19 ದಿನ ಪೆಂಡಿಂಗ್ ಇಟ್ಟರಲ್ಲಾ, ಅದು ದೊಡ್ಡ ತಪ್ಪು. ಮೊದಲೇ ಹೇಳಿದ್ದರೆ ನಿಮ್ಮ ಅಪ್ಪ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದರು.

ಮಾನ್ಯತಾ_ಗೇಟ್5
ಗುರು ಸಿಂಪಲ್. ಜ್ವರ ಅಂತ ಮೆಸೇಜ್ ಹಾಕು, ಫೋನ್ ಆಫ್ ಮಾಡು, ಜಾತ್ರೆಗೆ ಹೋಗು. ಬಂದ ಮೇಲೆ ಯಾವುದಾದರೂ ಕ್ಲಿನಿಕ್‌ನಿಂದ ಒಂದು ಸರ್ಟಿಫಿಕೇಟ್ ತಂದುಕೊಡು. ಎಲ್ಲರೂ ಮಾಡುವುದು ಇದನ್ನೇ.

ಹಳೇಕಡತ
@ಮಾನ್ಯತಾ_ಗೇಟ್5 ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಅದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು. ಇಲ್ಲಿಯವರೆಗೆ ತಪ್ಪು ಅವರ ಕಡೆ ಇದೆ, ಸುಮ್ನೆ ಅದನ್ನು ನಿಮ್ಮ ಕಡೆ ಯಾಕೆ ಎಳೆದುಕೊಳ್ಳುತ್ತೀರಿ?

@ತೋಟದಮನೆ ನಾನು ಹಲವು ವರ್ಷ ಕಂಪನಿಗಳ ಎಚ್‌ಆರ್ ವಿಭಾಗದಲ್ಲಿ ಇದ್ದವನು. ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ರಜೆ ಅಂದರೆ ಮ್ಯಾನೇಜರ್ ಕೈಯಿಂದ ಬೀಳುವ ಪ್ರಸಾದ ಅಲ್ಲ, ನೀವು ದುಡಿದು ಗಳಿಸಿದ್ದು. ಕರ್ನಾಟಕದಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ 15ನೇ ಸೆಕ್ಷನ್ ಓದಿ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ. ಅಂದರೆ 240 ದಿನ ದುಡಿದರೆ 12 ದಿನ. ಅದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಬೇರೆ ಇದೆ.

ಲ್ಯಾಪ್ಸ್ ವಿಷಯ. ಹಿಂದೆ 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದಿತ್ತು, 2020ರ ತಿದ್ದುಪಡಿಯಲ್ಲಿ ಅದನ್ನು 45 ಮಾಡಿದರು. ಹಾಗಾಗಿ ಕಾಯ್ದೆ ಪ್ರಕಾರ ಬಂದ ರಜೆಯನ್ನು 10 ದಿನಕ್ಕೆ ಕತ್ತರಿಸುವ ಪಾಲಿಸಿ ನಿಲ್ಲುವುದಿಲ್ಲ. ಕಾಯ್ದೆಗಿಂತ ಜಾಸ್ತಿ ಕೊಟ್ಟ ರಜೆಗೆ ಬೇಕಾದರೆ ಕಂಪನಿ ತನ್ನದೇ ನಿಯಮ ಮಾಡಿಕೊಳ್ಳಲಿ. ನಿಮ್ಮ 31ರಲ್ಲಿ ಯಾವುದು ಎಷ್ಟು ಅಂತ ಮೊದಲು ಬಿಡಿಸಿ ನೋಡಿ.

ವೈಟ್‌ಬೋರ್ಡ್
ಆದರೆ ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನಿಂದ ವಿನಾಯಿತಿ ಇದೆ ಅಲ್ವಾ?

ಹಳೇಕಡತ
ಎಲ್ಲರೂ ಇಲ್ಲೇ ಎಡವುವುದು. ವಿನಾಯಿತಿ ಇದ್ದದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಕಾಯ್ದೆಯಿಂದ. ಆ ವಿನಾಯಿತಿಗೂ ಷರತ್ತುಗಳಿದ್ದವು, ಕಂಪನಿಯೊಳಗೆ ಕುಂದುಕೊರತೆ ಸಮಿತಿ ಇರಬೇಕು ಅನ್ನುವುದು ಅದರಲ್ಲಿ ಒಂದು. ರಜೆ ಬರುವುದು ಬೇರೆ ಕಾಯ್ದೆಯಿಂದ. ಎಚ್‌ಆರ್‌ನವರು ಎರಡನ್ನೂ ಕಲಸಿ ಹೇಳುತ್ತಾರೆ.

ಟೀಮ್11
ನಾನು ಮ್ಯಾನೇಜರ್. ಬೈಯಬಹುದು, ಆದರೆ ನನ್ನ ಮಾತೂ ಕೇಳಿ.

ಹನ್ನೊಂದು ಜನರ ತಂಡ. ದೀಪಾವಳಿ ವಾರಕ್ಕೆ ಏಳು ಜನ ರಜೆ ಕೇಳುತ್ತಾರೆ. ಏಳೂ ಜನರಿಗೆ ಕಾರಣ ಇದೆ, ಒಬ್ಬರದೂ ಸುಳ್ಳಲ್ಲ. ಮೇಲಿನವರು ನನಗೆ ಹೇಳುವುದು ಒಂದೇ ಮಾತು, ಕೆಲಸ ನಿಲ್ಲಬಾರದು. ಬ್ಯಾಕಪ್‌ಗೆ ಜನ ಕೊಡಿ ಅಂದರೆ ಕೊಡುವುದಿಲ್ಲ. ಹಾಗಾಗಿ ಯಾರಿಗೋ ಒಬ್ಬರಿಗೆ ಇಲ್ಲ ಅನ್ನಲೇಬೇಕಾಗುತ್ತದೆ. ಆ ಒಬ್ಬರು ಪ್ರತಿ ಸಲ ಅದೇ ವ್ಯಕ್ತಿ ಆದರೆ ಅದು ಮ್ಯಾನೇಜರ್ ತಪ್ಪು. ನನ್ನಿಂದಲೂ ಹೀಗಾಗಿದೆ. ಜೋರಾಗಿ ಕೇಳುವವರಿಗೆ ಕೊಟ್ಟುಬಿಡುತ್ತಿದ್ದೆ, ಮೆತ್ತಗಿದ್ದ ಒಬ್ಬ ಹುಡುಗಿಗೆ ಎರಡು ವರ್ಷ ಯುಗಾದಿಗೆ ರಜೆ ಸಿಗಲಿಲ್ಲ. ಅವಳು ಕೆಲಸ ಬಿಟ್ಟು ಹೋಗುವ ದಿನ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಇವತ್ತಿಗೂ ನೋವಿದೆ.

ಈಗ ನಮ್ಮಲ್ಲಿ ಒಂದೇ ಒಂದು ಹಾಳೆ ಇದೆ, ಎಲ್ಲರಿಗೂ ಕಾಣುತ್ತದೆ. ವರ್ಷದ ಶುರುವಿನಲ್ಲೇ ಪ್ರತಿಯೊಬ್ಬರೂ ಬಿಡಲಾಗದ ಎರಡು ಸಂದರ್ಭ ಬರೆಯುತ್ತಾರೆ. ಅವನ್ನು ನಾನು ಮುಟ್ಟುವುದಿಲ್ಲ. ಉಳಿದದ್ದಕ್ಕೆ ಹೋದ ವರ್ಷ ಯಾರಿಗೆ ಸಿಗಲಿಲ್ಲವೋ ಅವರಿಗೆ ಮೊದಲು. ಕೇಳಿ ಮೂರು ಕೆಲಸದ ದಿನದೊಳಗೆ ನಾನು ಉತ್ತರ ಕೊಡದಿದ್ದರೆ ಒಪ್ಪಿಗೆ ಅಂತಲೇ ಅರ್ಥ. ಇದರಿಂದ ತೊಂದರೆ ಆಗಿದ್ದು ಒಂದೇ ಸಲ, ಅದೂ ನಾನೇ ಸಂಭಾಳಿಸಿಕೊಂಡೆ.

ತೋಟದಮನೆ
@ಟೀಮ್11 ಸರ್, ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಥ್ಯಾಂಕ್ಸ್. ಆ ಹುಡುಗಿ ತರ ನಾನೂ ಮೆತ್ತಗಿರುವವನೇ. "ಸರ್, ಸಾಧ್ಯ ಆದರೆ" ಅಂತ ಶುರು ಮಾಡುತ್ತೇನೆ, ಅಲ್ಲಿಗೇ ಅರ್ಧ ಕೆಲಸ ಕೆಟ್ಟಿರುತ್ತದೆ.

ಮಡಿಕೇರಿಮಳೆ
ವರ್ಕ್ ಫ್ರಂ ಹೋಮ್ ಕೇಳಿ ನೋಡಿ? ಊರಿಂದಲೇ ಕೆಲಸ ಮಾಡುತ್ತೇನೆ ಅಂದರೆ ಒಪ್ಪಬಹುದು. ನಾನು ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ನೈಟ್‌ಡ್ಯೂಟಿ
ಅದು ರಜೆ ಅಲ್ಲ ಮೇಡಂ! ಊರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವುದು ಅಷ್ಟೇ.

ಬೈಟೂಕಾಫಿ
ನನ್ನ ತಂಗಿ ಮದುವೆ ದಿನ ನಾನು ಹಾಗೇ "ಊರಿಂದ ಕೆಲಸ" ತಗೊಂಡಿದ್ದೆ. ಧಾರೆ ಎರೆಯುವ ಹೊತ್ತಿಗೆ ಕಾಲ್ ಬಂತು. ಛತ್ರದ ಹಿಂದೆ, ಅಡುಗೆಯವರು ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಮಾತಾಡಿದೆ. ಫೋಟೋದಲ್ಲಿ ಎಲ್ಲರೂ ಇದ್ದಾರೆ, ನಾನಿಲ್ಲ. ಮಡಿಕೇರಿಮಳೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಒಂದು ಸಲ ಹೀಗೆ ಒಪ್ಪಿಕೊಂಡರೆ ಮುಂದೆ ರಜೆ ಕೇಳಿದಾಗಲೆಲ್ಲಾ ಅದನ್ನೇ ತೋರಿಸುತ್ತಾರೆ.

ಮಡಿಕೇರಿಮಳೆ
ಬೇಜಾರೇನಿಲ್ಲ. ಯೋಚಿಸಿದರೆ ನನ್ನ ರಜೆಯೂ 20ರ ಮೇಲೆ ಹಾಗೇ ಕೂತಿದೆ.

ನೈಟ್‌ಡ್ಯೂಟಿ
ನಾನು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ರಿಲೀಸ್ ಒಂದು ದಿನ ತಡ ಆದರೆ ಯಾರೂ ಸಾಯುವುದಿಲ್ಲ, ನಮ್ಮಲ್ಲಿ ವಾರ್ಡ್ ಖಾಲಿ ಬಿಡಲು ಆಗುವುದಿಲ್ಲ. ಆದರೂ ನಮಗೆ ರಜೆ ಸಿಗುತ್ತದೆ, ಹೇಗೆ ಅಂತ ಹೇಳುತ್ತೇನೆ. ಡ್ಯೂಟಿ ಲಿಸ್ಟ್ ಹಾಕುವ ಮೊದಲೇ ನಾವು ನಾವೇ ಮಾತಾಡಿಕೊಳ್ಳುತ್ತೇವೆ. ಕ್ರಿಸ್‌ಮಸ್‌ಗೆ ನಾನು ನಿನ್ನ ನೈಟ್ ಮಾಡುತ್ತೇನೆ, ಸಂಕ್ರಾಂತಿಗೆ ನೀನು ನನ್ನದು ಮಾಡು, ರಂಜಾನ್‌ಗೆ ಇನ್ನೊಬ್ಬಳದು. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗುವಾಗ "ರಜೆ ಬೇಕು" ಅಂತ ಹೋಗುವುದಿಲ್ಲ. "ಈ ನಾಲ್ಕು ದಿನ ಇವಳು ಮಾಡುತ್ತಾಳೆ, ಇಬ್ಬರ ಸಹಿ ಇದೆ" ಅಂತ ಹೋಗುತ್ತೇವೆ. ಇಲ್ಲ ಅನ್ನಲು ಅವರಿಗೆ ಕಾರಣವೇ ಉಳಿಯುವುದಿಲ್ಲ. ತಮ್ಮಾ, ನಿನ್ನ ಕೆಲಸ ಯಾರಾದರೂ ಐದು ದಿನ ನೋಡಿಕೊಳ್ಳುತ್ತಾರಾ? ಮೊದಲು ಅವರನ್ನು ಹಿಡಿ.

ಮಾನ್ಯತಾ_ಗೇಟ್5
ಬ್ಯಾಕಪ್ ಹುಡುಕುವುದು ಮ್ಯಾನೇಜರ್ ಕೆಲಸ. ನಾವು ಯಾಕೆ ಮಾಡಬೇಕು? ಅವರಿಗೆ ಸಂಬಳ ಕೊಡುವುದು ಯಾಕೆ?

ನೈಟ್‌ಡ್ಯೂಟಿ
ನ್ಯಾಯವಾಗಿ ನೀವು ಹೇಳುವುದು ಸರಿ. ಆದರೆ ಜಾತ್ರೆ ಮುಂದಿನ ತಿಂಗಳು.

ಪೀಣ್ಯ2ನೇಹಂತ
ನೀವೆಲ್ಲಾ ಪೋರ್ಟಲ್, ಪೆಂಡಿಂಗ್ ಅನ್ನುತ್ತಿದ್ದೀರಿ. ನಮ್ಮ ಅತ್ತಿಗೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನಲ್ಲಿದ್ದಾರೆ. ಅಲ್ಲಿ ರಜೆ ಕೇಳುವುದು ಅಂದರೆ ಮಷೀನ್ ಬಿಟ್ಟು ಎದ್ದು, ಸೂಪರ್‌ವೈಸರ್ ಮುಂದೆ ನಿಂತು, ಇಡೀ ಲೈನ್ ಕೇಳುವ ಹಾಗೆ ಬೈಸಿಕೊಳ್ಳುವುದು. ಟಾರ್ಗೆಟ್ ಮುಗಿದಿಲ್ಲ, ಈಗ ಊರಾ? ಅಂತ. ಗೌರಿ ಹಬ್ಬಕ್ಕೆ ತವರಿಗೆ ಹೋಗಬೇಕು ಅಂತ ಕೇಳಿದರೆ ಬಾಯಲ್ಲಿ ಇಲ್ಲ ಅಂದರು, ಹೋದರೆ ಗೈರುಹಾಜರಿ ಹಾಕಿದರು. ಬರೆದು ಕೊಟ್ಟಿದ್ದೀರಾ ಅಂತ ಕೇಳಿದೆ. ಬರೆದು ಕೊಡಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಹಳೇಕಡತ
@ಪೀಣ್ಯ2ನೇಹಂತ ಇದನ್ನು ಅವರಿಗೆ ಖಂಡಿತ ಹೇಳಿ. ಕಾರ್ಖಾನೆಗಳಿಗೆ ಇಷ್ಟು ವರ್ಷ ನಡೆದುಬಂದಿದ್ದು 1948ರ ಕಾರ್ಖಾನೆ ಕಾಯ್ದೆ, 79ನೇ ಸೆಕ್ಷನ್. ವರ್ಷದಲ್ಲಿ 240 ದಿನ ದುಡಿದವರಿಗೆ 20ಕ್ಕೆ ಒಂದರಂತೆ ರಜೆ. 15 ದಿನ ಮೊದಲು ಬರೆದು ಅರ್ಜಿ ಕೊಡಬೇಕು. ಮುಖ್ಯವಾದದ್ದು ಈಗ ಹೇಳುವುದು. ಸಾಮಾನ್ಯವಾಗಿ 30 ದಿನಕ್ಕಿಂತ ಜಾಸ್ತಿ ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಆದರೆ ನಿಯಮದ ಪ್ರಕಾರ ಕೇಳಿಯೂ ಕೊಡದೆ ಹೋದ ರಜೆಗೆ ಆ ಮಿತಿಯೇ ಇಲ್ಲ. ಎಷ್ಟಿದ್ದರೂ ಉಳಿಯುತ್ತದೆ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ? ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೊಂಡರೆ ಸಾಕು. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್. ಈಗ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದರಲ್ಲಿ 240ರ ಬದಲು 180 ದಿನ ಸಾಕು.

ಪೀಣ್ಯ2ನೇಹಂತ
ಸರ್ ಇದನ್ನು ಹಾಗೇ ಅತ್ತಿಗೆಗೆ ವಾಟ್ಸಾಪ್ ಮಾಡಿದೆ. ಅವರ ಲೈನಿನ ಗ್ರೂಪಿಗೂ ಹಾಕುತ್ತಾರಂತೆ.

ಮ್ಯೂನಿಕ್‌ಕನ್ನಡಿಗ
ಜರ್ಮನಿಯಿಂದ. ಇಲ್ಲಿ ಕಾನೂನು ಕೊಡುವ ಕನಿಷ್ಠ ರಜೆ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 20 ದಿನ. ಕೇಳಿದ ದಿನಕ್ಕೆ ಕೊಡದಿರಲು ಮಾಲೀಕರಿಗೆ ಇರುವುದು ಎರಡೇ ಕಾರಣ. ಒಂದು, ತಪ್ಪಿಸಲಾಗದ ಕೆಲಸದ ತುರ್ತು. ಎರಡು, ಅದೇ ದಿನಕ್ಕೆ ಕೇಳಿದ ಇನ್ನೊಬ್ಬರ ಮನೆಯ ಪರಿಸ್ಥಿತಿ ನಿಮ್ಮದಕ್ಕಿಂತ ಗಟ್ಟಿಯಾಗಿರುವುದು, ಶಾಲೆಗೆ ಹೋಗುವ ಮಕ್ಕಳಿರುವವರು ಅಂತಿಟ್ಟುಕೊಳ್ಳಿ. "ಜಾತ್ರೆಗೆಲ್ಲಾ ಯಾಕೆ" ಅಂತ ಕೇಳುವ ಹಾಗೇ ಇಲ್ಲ. 2018ರಲ್ಲಿ ಯುರೋಪಿನ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಷ್ಟು ರಜೆ ಉಳಿದಿದೆ, ತಗೊಳ್ಳದಿದ್ದರೆ ಹೋಗುತ್ತದೆ ಅಂತ ಮಾಲೀಕರೇ ಎಚ್ಚರಿಸಬೇಕು, ಇಲ್ಲದಿದ್ದರೆ ರಜೆ ತನ್ನಷ್ಟಕ್ಕೆ ಲ್ಯಾಪ್ಸ್ ಆಗುವಂತಿಲ್ಲ. ನಾನು ಬಂದ ಮೊದಲ ವರ್ಷ ಸೆಪ್ಟೆಂಬರ್‌ನಲ್ಲಿ ನನ್ನ ಬಾಸ್ ಬಂದು "ನೀನು ಇನ್ನೂ 14 ದಿನ ತಗೊಂಡಿಲ್ಲ, ಯಾವಾಗ ಹೋಗುತ್ತೀಯ" ಅಂತ ಕೇಳಿದರು. ನನಗೆ ಭಯ ಆಯಿತು, ಕೆಲಸದಿಂದ ತೆಗೆಯುತ್ತಾರೇನೋ ಅಂತ!

ಗದಗಮಣ್ಣು
ಅಲ್ರೀ, ಜರ್ಮನಿ ಕಥೆ ಇಲ್ಲಿ ಯಾಕೆ? ಅವರ ಮ್ಯಾನೇಜರ್ ಕೂತಿರುವುದು ವೈಟ್‌ಫೀಲ್ಡ್‌ನಲ್ಲಿ.

ಮ್ಯೂನಿಕ್‌ಕನ್ನಡಿಗ
ಯಾಕೆಂದರೆ ಇಷ್ಟೆಲ್ಲಾ ರಜೆ ಕೊಟ್ಟೂ ಇಲ್ಲಿ ಕಂಪನಿಗಳು ನಡೆಯುತ್ತಿವೆ. ಐದು ದಿನ ಕೊಟ್ಟರೆ ಕೆಲಸ ನಿಂತುಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ ಅಂತ ಹೇಳಲು.

ಕೆಲಸಬಿಟ್ಟವ
ಬಿಟ್ಟುಬಿಡಿ ಸ್ವಾಮಿ. ಬೇರೆ ಕಂಪನಿ ನೋಡಿಕೊಳ್ಳಿ. ಇಂಥವರು ಬದಲಾಗುವುದಿಲ್ಲ.

ಗದಗಮಣ್ಣು
ಬಿಡುವುದು ಅಷ್ಟು ಸುಲಭ ಏನ್ರೀ? ನೋಟಿಸ್ ಪೀರಿಯಡ್ 90 ದಿನ, ಅಷ್ಟರಲ್ಲಿ ಜಾತ್ರೆ ಮುಗಿದು ದೇವಿ ಗುಡಿಗೆ ವಾಪಸ್ ಹೋಗಿರುತ್ತಾಳೆ. ಹೊಸ ಕಡೆ ಸೇರಿದರೆ ಪ್ರೊಬೇಷನ್, ಅಲ್ಲಿ ಮೊದಲ ಆರು ತಿಂಗಳು ರಜೆ ಕೇಳುವ ಹಾಗೇ ಇಲ್ಲ. ನಾನು ಎರಡು ಸಲ ಹಾಗೆ ಬಿಟ್ಟು ನೋಡಿದವನು. ಮೊದಲು ಇದ್ದಲ್ಲೇ ಸರಿಯಾಗಿ ಕೇಳಿ. ಆಮೇಲೂ ಆಗದಿದ್ದರೆ ಹುಡುಕಿ.

ನಿವೃತ್ತರಮಗಳು
ನಮ್ಮ ತಂದೆ ಸರ್ಕಾರಿ ನೌಕರರು. ಅಲ್ಲಿ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಗಳಿಕೆ ರಜೆ ಜಮಾ ಆಗುತ್ತದೆ, 300 ದಿನದವರೆಗೆ ಕೂಡಿಡಬಹುದು. ಅಪ್ಪ 300ನ್ನೂ ಕೂಡಿಟ್ಟು ನಿವೃತ್ತಿ ಆದರು. ಆ ದುಡ್ಡು ಬಂತು, ಮನೆಗೆ ಮೇಲಿನ ಮಹಡಿ ಕಟ್ಟಿಸಿದರು. ಆದರೆ ನನ್ನ ಶಾಲೆಯ ಒಂದೇ ಒಂದು ವಾರ್ಷಿಕೋತ್ಸವಕ್ಕೂ ಅವರು ಬಂದಿದ್ದು ನನಗೆ ನೆನಪಿಲ್ಲ. ಸಾಹೇಬರು ಬೇಡ ಅಂದರು ಅನ್ನುತ್ತಿದ್ದರು. ನಿಮ್ಮ 31 ದಿನ ಅಂತ ಓದಿದಾಗ ನನಗೆ ಆ 300 ನೆನಪಾಯಿತು. ಹೋಗಿ ಬನ್ನಿ.

ವೈಟ್‌ಬೋರ್ಡ್
ಮೇಲಿನವರು ಬರೆದಿದ್ದು ಓದಿ ಈಗಲೇ ನನ್ನ ಮಗಳ ಶಾಲೆಯ ಕ್ಯಾಲೆಂಡರ್ ತೆಗೆದು ನೋಡಿದೆ.

ಹಳೇಕಡತ
@ತೋಟದಮನೆ ಈಗ ಮಾಡಬೇಕಾದ್ದು ಇದು. ಮಾತಲ್ಲಿ ಕೇಳುವುದು ನಿಲ್ಲಿಸಿ, ಮೇಲ್ ಹಾಕಿ. ನಿಮ್ಮ ಆಫೀಸಿನ ಭಾಷೆಯಲ್ಲೇ ಬರೆಯಿರಿ, ಸಾರ ಹೀಗಿರಲಿ: "ಈ ತಾರೀಕಿನಿಂದ ಈ ತಾರೀಕಿನವರೆಗೆ ಐದು ದಿನ ಗಳಿಕೆ ರಜೆಗೆ ಅರ್ಜಿ ಹಾಕಿದ್ದೇನೆ. ಇದಕ್ಕೂ ಮೊದಲು ಈ ಮೂರು ಸಲ ಕೇಳಿದ್ದು ಒಪ್ಪಿಗೆ ಆಗಿಲ್ಲ. ನನ್ನ ಕೆಲಸವನ್ನು ಇಂಥವರು ನೋಡಿಕೊಳ್ಳಲು ಒಪ್ಪಿದ್ದಾರೆ. ಈ ದಿನಗಳು ಆಗುವುದಿಲ್ಲ ಎಂದಾದರೆ ಕಾರಣವನ್ನೂ, ಮಾರ್ಚ್ 31ರೊಳಗೆ ಯಾವ ದಿನ ಕೊಡಬಹುದು ಎಂಬುದನ್ನೂ ಈ ಶುಕ್ರವಾರದೊಳಗೆ ತಿಳಿಸಿ." ಅಷ್ಟೇ. ಜಾತ್ರೆ, ಅಪ್ಪನ ಮಂಡಿನೋವು ಯಾವುದೂ ಬೇಡ. ಕಾರಣ ಬರೆದರೆ ಆ ಕಾರಣ ದೊಡ್ಡದೋ ಸಣ್ಣದೋ ಅಂತ ತೂಗಲು ಶುರು ಮಾಡುತ್ತಾರೆ. ಕಾನೂನಿನ ಸೆಕ್ಷನ್ನೂ ಈಗಲೇ ಬೇಡ. ಮೊದಲ ಮೇಲ್‌ನಲ್ಲೇ ಅದನ್ನು ಹಾಕಿದರೆ ಮಾತು ಎಚ್‌ಆರ್ ಮತ್ತು ವಕೀಲರ ನಡುವೆ ಹೋಗುತ್ತದೆ, ರಜೆ ಅಲ್ಲೇ ಉಳಿಯುತ್ತದೆ.

ಶುಕ್ರವಾರ ಉತ್ತರ ಬರದಿದ್ದರೆ ಅದೇ ಮೇಲನ್ನು ಎಚ್‌ಆರ್‌ಗೆ ಮುಂದಕ್ಕೆ ಕಳಿಸಿ, ಲ್ಯಾಪ್ಸ್ ಪ್ರಶ್ನೆ ಅಲ್ಲಿ ಎತ್ತಿ. ಅದಕ್ಕೂ ಆಗದಿದ್ದರೆ ಕುಂದುಕೊರತೆ ಸಮಿತಿ. ಕಾರ್ಮಿಕ ಇಲಾಖೆ ಕೊನೆಗೆ.

ಡೈರಿಸರ್ಕಲ್
ಇಲಾಖೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಐಟಿಯವರಿಗೆ ಯೂನಿಯನ್ನೂ ಇದೆ, ಕೆಐಟಿಯು ಅಂತ. 2024ರಲ್ಲಿ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಬೀದಿಗಿಳಿದಿದ್ದು ಅವರೇ. ಒಬ್ಬನೇ ಹೋಗಲು ಹೆದರಿಕೆ ಆದರೆ ಮೊದಲು ಅವರ ಹತ್ತಿರ ಮಾತಾಡಿ.

ಟೀಮ್11
ಹಳೇಕಡತ ಸರ್ ಹೇಳಿದ "ಯಾವ ದಿನ ಕೊಡಬಹುದು" ಅನ್ನುವ ಸಾಲು ಬಹಳ ಮುಖ್ಯ. ಮ್ಯಾನೇಜರ್ ಆಗಿ ಹೇಳುತ್ತೇನೆ, ಬೇಡ ಅಂತ ಬರೆಯುವುದು ಸುಲಭ, ಕಾರಣ ಸಮೇತ ಬೇಡ ಅಂತ ಬರೆಯಲು ಕೈ ತಡೆಯುತ್ತದೆ.

ಕೊಬ್ಬರಿಮಿಠಾಯಿ
ವಿಷಯ ಬೇರೆ, ಆದರೆ ಕೇಳಲೇಬೇಕು. ಜಾತ್ರೆಗೆ ನಾವೂ ಬರಬೇಕು ಅಂತಿದ್ದೇವೆ, ತಿಪಟೂರಿನಿಂದ. ಶಿರಸಿಗೆ ರೈಲು ಇದೆಯಾ?

ಘಟ್ಟದಮೇಲೆ
ಇಲ್ಲ ಮಾರಾಯ್ರೇ, ಶಿರಸಿಗೆ ರೈಲಿಲ್ಲ. ನಿಮಗೆ ಹಾವೇರಿಗೆ ರೈಲಲ್ಲಿ ಬಂದು ಬಸ್ ಹಿಡಿಯುವುದು ಅನುಕೂಲ. ರೂಮಿನ ವ್ಯವಸ್ಥೆ ಈಗಲೇ ನೋಡಿ. ದೇವಿ ರಥದಲ್ಲಿ ಬಂದು ಬಿಡಕಿ ಬೈಲಿನ ಗದ್ದುಗೆಯಲ್ಲಿ ಕೂತ ಮೇಲೆ ಉಡಿ ತುಂಬುವವರ ಸಾಲು ನಿಂತರೆ ಮುಗಿಯುವುದೇ ಇಲ್ಲ, ಬೆಳಗಿನ ಜಾವ ಬನ್ನಿ. @ತೋಟದಮನೆ ವೀಕೆಂಡಲ್ಲಿ ಹೋಗಿ ಬಾ ಅಂದವರಿಗೆ ಒಂದು ಮಾತು ಹೇಳು ತಮ್ಮಾ. ಆ ಒಂಬತ್ತು ದಿನ ಮದುವೆ ಆಗಿ ಹೋದ ಹೆಣ್ಣುಮಕ್ಕಳೆಲ್ಲಾ ಊರಿಗೆ ಬರುತ್ತಾರೆ, ಮನೆತುಂಬಾ ನೆಂಟರು. ಜಾತ್ರೆ ಅಂದರೆ ತೇರು ನೋಡಿ ಬರುವುದಷ್ಟೇ ಅಲ್ಲ.

ತೋಟದಮನೆ
ಎಲ್ಲರಿಗೂ, ಒಂದು ಅಪ್‌ಡೇಟ್.

ಸೋಮವಾರ ನನ್ನ ಪಕ್ಕದಲ್ಲಿ ಕೂರುವ ಗೆಳೆಯನ ಹತ್ತಿರ ಮಾತಾಡಿದೆ. ಅವನಿಗೆ ಏಪ್ರಿಲ್‌ನಲ್ಲಿ ವಿಷುಗೆ ಊರಿಗೆ ಹೋಗಬೇಕು. ನಾನು ಅವನ ಕೆಲಸ ನೋಡಿಕೊಳ್ಳುತ್ತೇನೆ, ಅವನು ನನ್ನದು. ನೈಟ್‌ಡ್ಯೂಟಿ ಅಕ್ಕ, ನೀವು ಹೇಳಿದ ಹಾಗೇ. ಮಂಗಳವಾರ ಮೇಲ್ ಹಾಕಿದೆ. "ಸಾಧ್ಯ ಆದರೆ" ಅಂತ ಒಂದು ಕಡೆ ಬರೆದುಬಿಟ್ಟಿದ್ದೆ, ಕಳಿಸುವ ಮೊದಲು ಅಳಿಸಿದೆ. ಶುಕ್ರವಾರ ಮಧ್ಯಾಹ್ನದವರೆಗೂ ಉತ್ತರ ಇಲ್ಲ. ಮೂರು ಗಂಟೆಗೆ ಮ್ಯಾನೇಜರ್ ಕರೆದು, ಇದನ್ನೆಲ್ಲಾ ಮೇಲ್‌ನಲ್ಲಿ ಯಾಕೆ ಬರೆದೆ, ಬಂದು ಕೇಳಬಹುದಿತ್ತಲ್ಲಾ ಅಂದರು. ನಾಲ್ಕು ಸಲ ಬಂದೇ ಕೇಳಿದ್ದೆ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಂಜೆ ಪೋರ್ಟಲ್ ನೋಡಿದರೆ ನಾಲ್ಕು ದಿನಕ್ಕೆ ಒಪ್ಪಿಗೆ ಬಂದಿದೆ. ಐದನೇ ದಿನ ಒಂದು ಮೀಟಿಂಗ್ ಇದೆಯಂತೆ, ಕಾರಣ ಬರೆದಿದ್ದಾರೆ. ಅದಕ್ಕೆ ಒಪ್ಪಿದೆ. ಶನಿವಾರ ಭಾನುವಾರ ಸೇರಿದರೆ ಆರು ದಿನ ಸಿಗುತ್ತದೆ.

ಲ್ಯಾಪ್ಸ್ ವಿಷಯ ಎಚ್‌ಆರ್‌ಗೆ ಬೇರೆಯಾಗಿ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಅದನ್ನು ಬಿಡುವುದಿಲ್ಲ. ನಮ್ಮ ತಂಡದ ಇನ್ನೂ ಮೂವರಿಗೆ ಇದೇ ತೊಂದರೆ ಇತ್ತು, ಅವರೂ ಸಹಿ ಹಾಕಿದ್ದಾರೆ.

ಹಳೇಕಡತ
ನಾಲ್ಕು ಜನ ಸೇರಿ ಬರೆದಿದ್ದು ಒಳ್ಳೆಯದಾಯಿತು. ಒಪ್ಪಿಗೆ ಬಂದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಪೀಣ್ಯ2ನೇಹಂತ
ಅತ್ತಿಗೆ ಇವತ್ತು ಯುಗಾದಿ ರಜೆಗೆ ಅರ್ಜಿ ಬರೆದು ಕೊಟ್ಟರು, ಜೀವನದಲ್ಲೇ ಮೊದಲ ಸಲ. ಸೂಪರ್‌ವೈಸರ್ ಸಹಿ ಹಾಕಲಿಲ್ಲ. ನಾಳೆ ಪೋಸ್ಟ್ ಆಫೀಸಿಗೆ ನಾನೇ ಹೋಗುತ್ತೇನೆ.

ಘಟ್ಟದಮೇಲೆ
@ತೋಟದಮನೆ ಟಿಕೆಟ್ ಆಯ್ತಾ? ಜಾತ್ರೆ ವಾರ ಬೆಂಗಳೂರಿನಿಂದ ಸ್ಲೀಪರ್ ಸಿಗುವುದಿಲ್ಲ, ಇವತ್ತೇ ಮಾಡು.

ತೋಟದಮನೆ
ಆಯ್ತಣ್ಣ. ಕೊನೇ ಸೀಟು, ಚಕ್ರದ ಮೇಲಿನದು. ಅಮ್ಮನಿಗೆ ಹೇಳಿದೆ, ಆಗಲೇ ಯಾರ್ಯಾರು ಬರುತ್ತಾರೆ ಅಂತ ಹೆಸರು ಹೇಳಲು ಶುರು ಮಾಡಿದರು.